ಅವ್ವನ ದಗಡಫೂಲ: ಕಲ್ಲುಹೂವಿನ ಕುಲವನ್ನು ಡಿಎನ್‌ಎಯಿಂದ ಪತ್ತೆ ಹಚ್ಚುವುದು ಹೇಗೆ

ಬೇಸಿಗೆ ಶುರುವಾಯಿತೆಂದರೆ ವಡಗಾವಿಯ ನಮ್ಮ ಮನೆಯಲ್ಲಿ ವರ್ಷದ ಖಾರ ಮಾಡುವ ಗದ್ದಲ. ಮಾಳಿಗೆ ಮೇಲೆ ಬ್ಯಾಡಗಿ ಮೆಣಸಿನಕಾಯಿ ಒಣಗುತ್ತಿರುತ್ತದೆ. ಕೆಳಗೆ ಅವ್ವ ಕೊಬ್ಬರಿ, ಎಳ್ಳು, ಲವಂಗ, ದಾಲ್ಚಿನ್ನಿ ಒಂದೊಂದನ್ನೇ ಹುರಿದು ತೆಗೆಯುತ್ತಾಳೆ. ಕೊನೆಗೆ ಬಾಣಲೆಗೆ ಬೀಳುವುದು ದಗಡಫೂಲ. ಕೆಲವರು ಕಲ್ಲುಹೂ ಎನ್ನುತ್ತಾರೆ, ಬೆಳಗಾವಿ ಪ್ಯಾಟಿಯಲ್ಲಿ ದಗಡಫೂಲ ಅಂದರೇ ಬೇಗ ಸಿಗುತ್ತದೆ. ಸುಟ್ಟ ಕಾಗದದ ಚೂರಿನಂತೆ ಕಾಣುವ ಇದು ಎಣ್ಣೆ ಮುಟ್ಟಿದ ಕೂಡಲೇ ಇಡೀ ಓಣಿಗೆ ಸುದ್ದಿ ಮುಟ್ಟಿಸುತ್ತದೆ.

ಕೆಲವು ವರ್ಷದ ಹಿಂದೆ ರವಿವಾರ ಪೇಟೆಯಿಂದ ತಂದ 50 ಗ್ರಾಂ ಪುಡಿಕೆಯನ್ನು ಹುರಿಯುವ ಮೊದಲು ನಾನು ಪೇಪರಿನ ಮೇಲೆ ಹರವಿಕೊಂಡು ಕೂತೆ. ಕೈಯಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್. ಅವ್ವ ಬಾಗಿಲಲ್ಲಿ ನಿಂತು, "ಯಾಕವಾ, ಕಲ್ಲ ಆರಸಾಕತ್ತಿ ಏನ?" ಅಂದಳು. ನಾನು ಆರಿಸುತ್ತಿದ್ದದ್ದು ಕಲ್ಲನ್ನಲ್ಲ, ಜಾತಿಗಳನ್ನು. ಒಂದೇ ಪುಡಿಕೆಯಲ್ಲಿ ಮೂರು ಗುಂಪು ಮಾಡಿದೆ. ಒಂದು, ಅಗಲವಾದ ಎಲೆಯಂಥ ತುಂಡುಗಳು. ಎರಡು, ಮೇಲ್ಮೈ ತುಂಬ ಸಣ್ಣ ಬಿಳಿ ಬಲೆಯ ಗೆರೆ ಇದ್ದಂಥವು. ಮೂರು, ಲಾಡಿಯಂತೆ ಸಪೂರವಾಗಿ, ಅಂಚಿಗೆ ಉದ್ದ ಕಪ್ಪು ರೆಪ್ಪೆಗೂದಲು ಇದ್ದಂಥವು. ಅಂಗಡಿಯವನಿಗೂ ಅವ್ವನಿಗೂ ಮೂರೂ ಒಂದೇ. ನನಗೆ ಮಾತ್ರ ಅವತ್ತಿನಿಂದ ನಿದ್ದೆ ಕೆಟ್ಟಿತು.

ನಾನು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ದೊಡ್ಡ ಲ್ಯಾಬಿನ ಒಡತಿಯಲ್ಲ. ಬೇರೆಯವರ ಪಿಸಿಆರ್ ಯಂತ್ರ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವುದು) ಖಾಲಿ ಇದ್ದಾಗ ಕೇಳಿ ಪಡೆದು ಕೆಲಸ ಮಾಡುವವಳು. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಕಡಿಮೆ ದುಡ್ಡಿನಲ್ಲಿ, ಕಡಿಮೆ ಸಾಮಾನಿನಲ್ಲಿ ಎಂಎಸ್ಸಿ ಹುಡುಗ ಹುಡುಗಿಯರು ಮಾಡಬಹುದಾದ ಕ್ರಮ. ನಾನು ಎಲ್ಲೆಲ್ಲಿ ಎಡವಿದೆನೋ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಯಾರ ಹೆಸರು, ಯಾರ ಡಿಎನ್‌ಎ

ಮೊದಲು ಇದು ಬಗೆಹರಿಯಬೇಕು. ದಗಡಫೂಲ ಒಂದು ಲೈಕೆನ್. ಲೈಕೆನ್ ಒಂದು ಜೀವಿಯಲ್ಲ, ಒಂದು ಸಂಸಾರ. ಮನೆ ಕಟ್ಟುವುದು ಶಿಲೀಂಧ್ರ, ಅಡುಗೆ ಮಾಡುವುದು ಒಳಗಿರುವ ಹಸಿರು ಪಾಚಿ ಅಥವಾ ನೀಲಿ-ಹಸಿರು ಬ್ಯಾಕ್ಟೀರಿಯಾ. 1860ರ ದಶಕದಲ್ಲಿ ಸಿಮೊನ್ ಶ್ವೆಂಡೆನರ್ ಎಂಬ ಸ್ವಿಸ್ ವಿಜ್ಞಾನಿ ಇದನ್ನು ಹೇಳಿದಾಗ ಆ ಕಾಲದ ಲೈಕೆನ್ ಪಂಡಿತರು ಅವನ ಮೇಲೆ ಹರಿಹಾಯ್ದಿದ್ದರು. ಈಗ ಅದು ಶಾಲೆಯ ಪಾಠ. ಆದರೆ ಪಾಠ ಓದಿದವರೂ ಮರೆಯುವ ಮಾತೊಂದಿದೆ: ಲೈಕೆನ್ನಿಗೆ ಇಡುವ ವೈಜ್ಞಾನಿಕ ಹೆಸರು ಅದರೊಳಗಿನ ಶಿಲೀಂಧ್ರಕ್ಕೆ ಸೇರಿದ್ದು. ಪಾಚಿಗೆ ಅದರದೇ ಬೇರೆ ಹೆಸರು. ಮದುವೆಯಾದ ಮೇಲೆ ಮನೆತನದ ಹೆಸರು ಒಬ್ಬರದೇ ನಡೆಯುವಂತೆ.

ಹಾಗಾಗಿ ತುಂಡನ್ನು ಅರೆದು ಡಿಎನ್‌ಎ ತೆಗೆದಾಗ ಕೊಳವೆಯಲ್ಲಿ ಇರುವುದು ಒಬ್ಬರ ಡಿಎನ್‌ಎ ಅಲ್ಲ. ಮುಖ್ಯ ಶಿಲೀಂಧ್ರದ್ದು, ಪಾಚಿಯದ್ದು, ಮೇಲೆ ಕೂತ ಬೂಷ್ಟಿನದ್ದು, ಬ್ಯಾಕ್ಟೀರಿಯಾದ್ದು, ಕೈ ತೊಳೆಯದಿದ್ದರೆ ನಿಮ್ಮದೂ. ಈ ಸಂತೆಯಲ್ಲಿ ಬೇಕಾದವರನ್ನು ಮಾತ್ರ ಕರೆದು ಮಾತಾಡಿಸುವುದೇ ಅರ್ಧ ಕೆಲಸ.

ಎಲ್ಲಿಂದ ತರುವುದು, ಹೇಗೆ ಇಡುವುದು

ಅಂಗಡಿಯ ಮಾಲು ಅಭ್ಯಾಸಕ್ಕೆ ಚೆನ್ನ, ವರ್ಗೀಕರಣಕ್ಕೆ ಸಾಲದು; ಯಾವ ಕಾಡಿನದೆಂದು ಗೊತ್ತಿರುವುದಿಲ್ಲ. ಹಿಮಾಲಯದಿಂದಲೂ ಬರುತ್ತದೆ, ಘಟ್ಟದಿಂದಲೂ ಬರುತ್ತದೆ, ದಾರಿಯಲ್ಲಿ ಬೆರೆಯುತ್ತದೆ. ಊರು ಗೊತ್ತಿರುವ ಮಾದರಿ ಬೇಕಾದರೆ ಬೆಳಗಾವಿಯವರು ಅದೃಷ್ಟವಂತರು. ಖಾನಾಪುರ ದಾಟಿ ಜಾಂಬೋಟಿ, ಕಣಕುಂಬಿ ಕಡೆ ಹೋದರೆ ಮರದ ಕೊಂಬೆಗಳ ಮೇಲೆ ಎಲೆಯಾಕಾರದ ಲೈಕೆನ್‌ಗಳ ಜಾತ್ರೆ. ಅದೇ ಪೂರ್ವಕ್ಕೆ ತಿರುಗಿ ಸವದತ್ತಿ, ಬಾದಾಮಿ, ವಿಜಯಪುರದತ್ತ ನಡೆದರೆ ಗಾಳಿ ಒಣಗುತ್ತಾ ಹೋಗುತ್ತದೆ, ಲೈಕೆನ್ನೂ ಬಂಡೆಗೆ ಬಳಿದ ಬಣ್ಣದಂತೆ ಅಂಟಿಕೊಂಡು ಬಿಡುತ್ತದೆ. ಒಂದೇ ದಿನದ ಬಸ್ ಪ್ರಯಾಣದಲ್ಲಿ ಎರಡು ಲೋಕ.

ಕೀಳುವ ಮುಂಚೆ ಎರಡು ಮಾತು. ಭೀಮಗಡ ವನ್ಯಧಾಮದೊಳಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಚೂರೂ ಮುಟ್ಟಬೇಡಿ. ಬಾದಾಮಿ, ಪಟ್ಟದಕಲ್ಲಿನ ಗುಡಿ ಗೋಡೆಗಳ ಮೇಲೆ ಎಷ್ಟೇ ಚೆಂದದ ಹಳದಿ ಚುಕ್ಕೆ ಕಂಡರೂ ಚಾಕು ಹೊರಗೆ ತೆಗೆಯಬೇಡಿ, ಫೋಟೊ ಸಾಕು. ನಾನು ಹೆಚ್ಚಾಗಿ ಪರಿಚಯದವರ ತೋಟದಲ್ಲಿ ಮಳೆಗಾಳಿಗೆ ಮುರಿದು ಬಿದ್ದ ಕೊಂಬೆಗಳನ್ನು ಆರಿಸುತ್ತೇನೆ. ಲೈಕೆನ್ ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ನಾವು ಒಂದು ನಿಮಿಷದಲ್ಲಿ ಕಿತ್ತದ್ದು ಮತ್ತೆ ಬರಲು ದಶಕ ಬೇಕು.

ಇನ್ನು ನನ್ನ ದೊಡ್ಡ ದಡ್ಡತನ. ಮೊದಲ ವರ್ಷ ಆಷಾಢದ ಮಳೆಯಲ್ಲಿ ತಂದ ಎಂಟು ಮಾದರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜಿಪ್ ಎಳೆದು ಕಪಾಟಿನಲ್ಲಿಟ್ಟೆ. ಬೆಳಗಾವಿಯ ಮಳೆಗಾಲದಲ್ಲಿ ಗೋಡೆಗೇ ಬೂಷ್ಟು ಹಿಡಿಯುತ್ತದೆ, ಚೀಲದೊಳಗಿನದು ಬಿಟ್ಟೀತೇ? ಮೂರು ವಾರದ ನಂತರ ನೋಡಿದರೂ ಕಣ್ಣಿಗೆ ಏನೂ ಕಾಣಲಿಲ್ಲ. ಡಿಎನ್‌ಎ ತೆಗೆದೆ, ಪಿಸಿಆರ್ ಚೆನ್ನಾಗಿ ಬಂತು, ಸಾಲ ಮಾಡಿ ಸೀಕ್ವೆನ್ಸಿಂಗಿಗೆ, ಅಂದರೆ ಅದರ ಅಕ್ಷರಗಳನ್ನು ಓದಿಸಲು, ಕಳಿಸಿದೆ. ಫಲಿತಾಂಶ ಬಂದಾಗ ಎಂಟರಲ್ಲಿ ಐದು ಆಸ್ಪರ್ಜಿಲ್ಲಸ್ ಮತ್ತು ಕ್ಲಾಡೊಸ್ಪೋರಿಯಂ. ಅಂದರೆ ಹಳಸಿದ ರೊಟ್ಟಿಯ ಮೇಲೆ, ಗಾಳಿಯಲ್ಲಿ, ಎಲ್ಲೆಂದರಲ್ಲಿ ಸಿಗುವ ಬೂಷ್ಟು. ಅದನ್ನು ಓದಲು ನಾನು ಒಂದು ತಿಂಗಳ ಗೌರವಧನ ಸುರಿದಿದ್ದೆ.

ಆದ್ದರಿಂದ: ಕಾಗದದ ಲಕೋಟೆ, ನೆರಳಿನಲ್ಲಿ ಎರಡು ಮೂರು ದಿನ ಒಣಗಿಸುವುದು, ಪ್ಲಾಸ್ಟಿಕ್ ಬೇಡ. ಲಕೋಟೆಯ ಮೇಲೆ ಪೆನ್ಸಿಲ್ಲಿನಲ್ಲಿ ದಿನಾಂಕ, ಊರು, ಜಿಪಿಎಸ್, ಯಾವ ಮರ, ಎಷ್ಟು ಎತ್ತರ, ನಿಮ್ಮ ಸಂಖ್ಯೆ. ಬಾಲ್ ಪೆನ್ನಿನಲ್ಲಿ ಬರೆದದ್ದು ತೇವಕ್ಕೆ ಕದಡುತ್ತದೆ. ಹಾಗೆ ಕದಡಿದ ಎರಡು ಲಕೋಟೆ ಇಂದಿಗೂ ನನ್ನ ಹತ್ತಿರ ಅನಾಥವಾಗಿ ಇವೆ.

ಕಣ್ಣು, ಲೆನ್ಸ್, ಒಂದು ಹನಿ ಬ್ಲೀಚ್

ಡಿಎನ್‌ಎ ಇದೆಯಲ್ಲ ಎಂದು ನೋಡುವುದನ್ನು ಬಿಟ್ಟವರು ಕೆಡುತ್ತಾರೆ. ಮಾದರಿಯ ರೂಪ ಬರೆದಿಡದೆ ಸೀಕ್ವೆನ್ಸ್ ತೆಗೆದರೆ, ಫಲಿತಾಂಶ ತಪ್ಪಿದಾಗ ತಪ್ಪಿದೆಯೆಂದು ತಿಳಿಯುವ ದಾರಿಯೇ ಇರುವುದಿಲ್ಲ. ನನ್ನ ಆಸ್ಪರ್ಜಿಲ್ಲಸ್ ಕಥೆಯಲ್ಲಿ ನಾನು ಉಳಿದುಕೊಂಡದ್ದು ಎಲೆಯಷ್ಟು ದೊಡ್ಡ ಲೈಕೆನ್ ಕಣ್ಣೆದುರಿಗೆ ಇದ್ದದ್ದರಿಂದ. ಬಂಡೆಯ ಮೇಲಿನ ಬೂದುಬಣ್ಣದ ಚುಕ್ಕೆಯಾಗಿದ್ದರೆ ನಂಬಿಬಿಡುತ್ತಿದ್ದೆನೋ ಏನೋ.

ಅಂಚಿನಲ್ಲಿ ಹಿಟ್ಟಿನಂಥ ಪುಡಿ ಇದೆಯೇ, ಮೇಲ್ಮೈಯಲ್ಲಿ ಸಣ್ಣ ಮೊಳೆಗಳಿವೆಯೇ, ಕೆಳಬದಿ ಕಪ್ಪೋ ಕಂದೋ, ಅಂಚಿನವರೆಗೂ ಬೇರುಗೂದಲು ಇದೆಯೇ, ಬಟ್ಟಲಿನಂಥ ಫಲಕಾಯ ಇದೆಯೇ, ಇಷ್ಟನ್ನು ಬರೆದುಕೊಳ್ಳಿ. ಆಮೇಲೆ ರಸಾಯನ. ಬ್ಲೇಡಿನಿಂದ ಮೇಲ್ಪದರ ಕೆರೆದು ಒಳಗಿನ ಬಿಳಿ ತಿರುಳಿಗೆ ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಸಣ್ಣ ಹನಿ; ಇನ್ನೊಂದು ಕಡೆ ಹೊಸದಾಗಿ ತೆರೆದ ಬಟ್ಟೆ ಬ್ಲೀಚಿನ ಹನಿ. ಪಾರ್ಮೊಟ್ರೆಮಾ ಟಿಂಕ್ಟೋರಂ ಎಂಬ ಜಾತಿಯಲ್ಲಿ ಲೆಕನೋರಿಕ್ ಆಮ್ಲ ಇರುವುದರಿಂದ ಬ್ಲೀಚ್ ಬಿದ್ದ ಕ್ಷಣ ತಿರುಳು ಕುಂಕುಮದಂತೆ ಕೆಂಪಾಗುತ್ತದೆ. ಬಿಳಿ ಬಲೆಯ ಗೆರೆಗಳಿರುವ ಪಾರ್ಮೊಟ್ರೆಮಾ ರೆಟಿಕ್ಯುಲೇಟಂ ಬ್ಲೀಚಿಗೆ ಜಗ್ಗುವುದಿಲ್ಲ. ಹೈಡ್ರಾಕ್ಸೈಡಿಗೆ ಮೊದಲು ಹಳದಿ, ಆಮೇಲೆ ರಕ್ತಗೆಂಪು. ಅದರಲ್ಲಿರುವುದು ಸಲಜಿನಿಕ್ ಆಮ್ಲ. ಮಸಾಲೆಯ ನಿಜವಾದ ಕಲ್ಲುಹೂ ಎಂದು ಪುಸ್ತಕಗಳು ಹೇಳುವ ಪಾರ್ಮೊಟ್ರೆಮಾ ಪರ್ಲೇಟಂನಲ್ಲಿ ಸ್ಟಿಕ್ಟಿಕ್ ಆಮ್ಲ. ಅದು ಹಳದಿಯಿಂದ ಕಿತ್ತಳೆಗೆ ನಿಲ್ಲುತ್ತದೆ. ಮೂರನೆಯದೊಂದು ದ್ರಾವಣವನ್ನೂ ಹಳಬರು ಬಳಸುತ್ತಾರೆ, ಪ್ಯಾರಾ-ಫೆನಿಲೀನ್ ಡೈಅಮೀನ್. ತಲೆಗೂದಲ ಬಣ್ಣದಲ್ಲಿರುವ ವಸ್ತು, ಮೈಗೆ ಒಳ್ಳೆಯದಲ್ಲ. ಗ್ಲೌಸ್ ಮತ್ತು ಗಾಳಿಗೂಡು ಇಲ್ಲದ ಕಾಲೇಜಿನಲ್ಲಿ ಅದನ್ನು ಮುಟ್ಟಬೇಡಿ.

ಎರಡು ಮಿಲಿಮೀಟರಿನ ತುದಿ

ಇಲ್ಲಿ ಅವಸರ ಮಾಡಬೇಡಿ. ಲೈಕೆನ್ನನ್ನು ಒಂದು ನಿಮಿಷ ಶುದ್ಧ ನೀರಿನಲ್ಲಿ ನೆನೆಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಬೆಳೆಯುತ್ತಿರುವ ಹೊಸ ತುದಿಯನ್ನು ಹುಡುಕಿ. ಹಳೆಯ ನಡುಭಾಗದಲ್ಲಿ ಧೂಳು, ಹುಳದ ಹಿಕ್ಕೆ, ಪರ ಶಿಲೀಂಧ್ರ ಎಲ್ಲ ಕೂತಿರುತ್ತದೆ. ತುದಿ ಎಳೆಯದು, ಸ್ವಚ್ಛ. ಫಲಕಾಯ ಇದ್ದರೆ ಇನ್ನೂ ಮೇಲು. ಅದರ ಬೀಜಕಪದರ ಮುಖ್ಯ ಶಿಲೀಂಧ್ರದ್ದೇ, ಅಲ್ಲಿ ಪಾಚಿ ಇರುವುದಿಲ್ಲ. ಸ್ಪಿರಿಟ್ ದೀಪದಲ್ಲಿ ಕಾಯಿಸಿ ತಣಿಸಿದ ಬ್ಲೇಡು, ಚಿಮಟ. ಎರಡು ಮೂರು ಮಿಲಿಮೀಟರಿನ ನಾಲ್ಕೈದು ತುದಿ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಡಿಎನ್‌ಎ ಬರುವುದಿಲ್ಲ, ಹೆಚ್ಚು ಕೊಳೆ ಬರುತ್ತದೆ.

ತುದಿಗಳನ್ನು ಒಣಗಿಸಿ ಅಸಿಟೋನಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಲೈಕೆನ್ ಆಮ್ಲಗಳು ಕರಗಿ ಹೊರಬರುತ್ತವೆ. ಇದನ್ನು ಬಿಟ್ಟರೆ ಮುಂದೆ ಪಿಸಿಆರ್ ಕಿಣ್ವ ಮುನಿಸಿಕೊಂಡು ಕೂರುತ್ತದೆ. ಆ ಅಸಿಟೋನನ್ನು ಚೆಲ್ಲಬೇಡಿ. ತೆಳುಪದರ ಕ್ರೊಮ್ಯಾಟೊಗ್ರಫಿಗೆ ಅದೇ ದ್ರಾವಣ ಸಾಕು, ಯಾವ ಆಮ್ಲವೆಂದು ಖಚಿತವಾಗುತ್ತದೆ.

ಕಿಟ್ ಕೊಳ್ಳಲು ದುಡ್ಡಿದ್ದವರು ಕಿಟ್ ಕೊಳ್ಳಲಿ. ನನ್ನದು ಸಿಟಿಎಬಿ (ಜೀವಕೋಶ ಒಡೆಯುವ ಸಾಬೂನಿನಂಥ ವಸ್ತು) ವಿಧಾನ: 2 ಶೇಕಡಾ ಸಿಟಿಎಬಿ, 1.4 ಮೋಲಾರ್ ಉಪ್ಪು, 100 ಮಿಲಿಮೋಲಾರ್ ಟ್ರಿಸ್ ಪಿಎಚ್ 8, 20 ಮಿಲಿಮೋಲಾರ್ ಇಡಿಟಿಎ, ಜೊತೆಗೆ 1 ಶೇಕಡಾ ಪಿವಿಪಿ. ಸಣ್ಣ ಕೊಳವೆಯಲ್ಲೇ ಪ್ಲಾಸ್ಟಿಕ್ ಒನಕೆಯಿಂದ ಅರೆದು, 65 ಡಿಗ್ರಿಯಲ್ಲಿ ಒಂದು ಗಂಟೆ. ಕ್ಲೋರೊಫಾರ್ಮ್ ಮತ್ತು ಐಸೊಅಮೈಲ್ ಆಲ್ಕೊಹಾಲ್ 24ಕ್ಕೆ 1ರಂತೆ ಬೆರೆಸಿ ತಿರುಗಿಸಿದರೆ ಮೇಲಿನ ತಿಳಿ ಪದರದಲ್ಲಿ ಡಿಎನ್‌ಎ. ಐಸೊಪ್ರೊಪನಾಲ್ ಹಾಕಿ ಫ್ರೀಜರಿನಲ್ಲಿಟ್ಟು, ಮತ್ತೆ ತಿರುಗಿಸಿ, 70 ಶೇಕಡಾ ಎಥನಾಲಿನಲ್ಲಿ ತೊಳೆದು, ಒಣಗಿಸಿ, 50 ಮೈಕ್ರೊಲೀಟರ್ ನೀರಿನಲ್ಲಿ ಕರಗಿಸುವುದು. ಇಷ್ಟು ಕಡಿಮೆ ಮಾದರಿಯಲ್ಲಿ ಕೊಳವೆಯ ತಳದಲ್ಲಿ ಏನೂ ಕಾಣುವುದಿಲ್ಲ. ಗಾಬರಿಯಾಗಬೇಡಿ, ಇದೆ.

ಪ್ರತಿ ಸಲ ಒಂದು ಖಾಲಿ ಕೊಳವೆಯನ್ನೂ, ಲೈಕೆನ್ ಹಾಕದೆ, ಎಲ್ಲ ಹಂತಗಳಲ್ಲೂ ಜೊತೆಗೆ ನಡೆಸಿ. ಅದರಲ್ಲಿ ಪಿಸಿಆರ್ ಬಂತೆಂದರೆ ನಿಮ್ಮ ದ್ರಾವಣವೇ ಕೆಟ್ಟಿದೆ. ಹೀಗೆ ಒಮ್ಮೆ ನನ್ನ ಇಡೀ ವಾರ ಹೋಯಿತು, ಆದರೆ ದುಡ್ಡು ಉಳಿಯಿತು.

ಯಾವ ತುಣುಕನ್ನು ಓದುವುದು

ಜೀನೋಮ್ ಪೂರ್ತಿ ಓದಬೇಕಿಲ್ಲ. ಶಿಲೀಂಧ್ರಗಳಿಗೆ, ರೈಬೊಸೋಮ್ ಜೀನುಗಳ ನಡುವೆ ಬರುವ ಐಟಿಎಸ್ ಎಂಬ ಭಾಗವನ್ನು 2012ರಲ್ಲಿ ಅಂತರರಾಷ್ಟ್ರೀಯ ತಂಡವೊಂದು ಜಾತಿ ಗುರುತಿಸುವ ಬಾರ್‌ಕೋಡ್ ಎಂದು ಸೂಚಿಸಿತು, ಅಲ್ಲಿಂದ ಅದೇ ರೂಢಿ. ಐಟಿಎಸ್1ಎಫ್ ಮತ್ತು ಐಟಿಎಸ್4 ಎಂಬ ಪ್ರೈಮರ್ ಜೋಡಿ (ನಕಲು ಎಲ್ಲಿಂದ ಎಲ್ಲಿಯವರೆಗೆ ಎಂದು ಗುರುತು ಹಾಕುವ ಸಣ್ಣ ಡಿಎನ್‌ಎ ತುಂಡುಗಳು) ಹಾಕಿದರೆ ಸುಮಾರು 600 ಅಕ್ಷರಗಳ ತುಣುಕು ಬರುತ್ತದೆ. ಐಟಿಎಸ್1ಎಫ್ ಶಿಲೀಂಧ್ರಕ್ಕೆಂದೇ ಮಾಡಿದ್ದು, ಹಾಗಾಗಿ ಪಾಚಿ ಬಹುಮಟ್ಟಿಗೆ ಹೊರಗುಳಿಯುತ್ತದೆ. ಬೂಷ್ಟು ಮಾತ್ರ ಹೊರಗುಳಿಯುವುದಿಲ್ಲ, ಅದೂ ಶಿಲೀಂಧ್ರವೇ ತಾನೇ. 94 ಡಿಗ್ರಿ, 55 ಡಿಗ್ರಿ, 72 ಡಿಗ್ರಿ, ಹೀಗೆ 35 ಸುತ್ತು. ಬರದಿದ್ದರೆ ಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ ನೋಡಿ. ಅರ್ಧ ಸಮಸ್ಯೆಗಳಿಗೆ ಅದೇ ಮದ್ದು. ಇನ್ನರ್ಧಕ್ಕೆ ಸ್ವಲ್ಪ ಬಿಎಸ್ಎ ಎಂಬ, ಕಿಣ್ವಕ್ಕೆ ನೆರವಾಗುವ ಪ್ರೋಟೀನು.

ಬಂದ ತುಣುಕನ್ನು ಜೆಲ್ಲಿನಲ್ಲಿ ಓಡಿಸಿ ನೋಡಿದಾಗ ಒಂದೇ ಒಂದು ಗೆರೆ ಬಂದರೆ ಸೀಕ್ವೆನ್ಸಿಂಗಿಗೆ ಕಳಿಸಿ. ಎರಡು ಗೆರೆ ಬಂದರೆ ಕಳಿಸಬೇಡಿ, ಹಿಂದಕ್ಕೆ ಹೋಗಿ ಬೇರೆ ತುದಿ ಕತ್ತರಿಸಿ. ಬೆಂಗಳೂರಿನ ಖಾಸಗಿ ಲ್ಯಾಬುಗಳು ಒಂದು ದಿಕ್ಕಿನ ಓದಿಗೆ ಕೆಲವು ನೂರು ರೂಪಾಯಿ ತೆಗೆದುಕೊಳ್ಳುತ್ತವೆ. ಎರಡೂ ದಿಕ್ಕಿನಿಂದ ಓದಿಸಿ, ಅಲ್ಲಿ ಜಿಪುಣತನ ಬೇಡ.

ಬಂದ ಕಡತವನ್ನು ತೆರೆದರೆ ನಾಲ್ಕು ಬಣ್ಣದ ಅಲೆಗಳು. ಮೊದಲ 30-40 ಅಕ್ಷರ ಗಲಿಬಿಲಿ, ಅದನ್ನು ಕತ್ತರಿಸುವುದು. ಆಮೇಲೆ ಶಿಖರಗಳು ಜೋಳದ ತೆನೆಯ ಸಾಲಿನಂತೆ ಒಂದೇ ಅಂತರದಲ್ಲಿ ನಿಂತಿರಬೇಕು. ಒಂದು ಸಲ ಜಾಂಬೋಟಿಯ ಮಾದರಿಯೊಂದರಲ್ಲಿ ಸುಮಾರು 180ನೇ ಅಕ್ಷರದವರೆಗೆ ಎಲ್ಲ ಚೊಕ್ಕ, ಅಲ್ಲಿಂದ ಪ್ರತಿ ಹಸಿರು ಶಿಖರದ ಕಾಲಡಿ ಒಂದು ಕೆಂಪು, ಪ್ರತಿ ನೀಲಿಯ ಕೆಳಗೆ ಒಂದು ಕಪ್ಪು. ಇಬ್ಬರು ಒಟ್ಟಿಗೆ ಮಾತಾಡುತ್ತಿದ್ದಾರೆ ಎಂದರ್ಥ. ಯಂತ್ರ ಹೇಗೋ ಎತ್ತರದ ಶಿಖರ ನೋಡಿ ಅಕ್ಷರ ಬರೆದುಬಿಟ್ಟಿತ್ತು. ಬರೀ ಅಕ್ಷರದ ಕಡತ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಅಲೆ ನೋಡದೆ ಅಕ್ಷರ ನಂಬಬೇಡಿ.

ಬ್ಲಾಸ್ಟ್ ಹೇಳಿದ್ದೆಲ್ಲ ವೇದವಲ್ಲ

ಸೀಕ್ವೆನ್ಸನ್ನು ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಹೋಲಿಸಿ ಹುಡುಕುವ ಬ್ಲಾಸ್ಟ್ ಎಂಬ ಸಾಧನಕ್ಕೆ ಹಾಕಿದರೆ ಕ್ಷಣದಲ್ಲಿ ಹೋಲುವ ಹೆಸರುಗಳ ಪಟ್ಟಿ ಬರುತ್ತದೆ. ಹುಡುಗರು ಮೊದಲ ಸಾಲು ಬರೆದುಕೊಂಡು ಎದ್ದುಬಿಡುತ್ತಾರೆ. ಆ ಹೆಸರು ಇಟ್ಟವರೂ ನಮ್ಮಂಥವರೇ. ಸಾರ್ವಜನಿಕ ಭಂಡಾರಗಳಲ್ಲಿರುವ ಶಿಲೀಂಧ್ರ ಸೀಕ್ವೆನ್ಸುಗಳಲ್ಲಿ ಶೇಕಡಾ 20ರಷ್ಟಕ್ಕೆ ಜಾತಿಯ ಹೆಸರು ತಪ್ಪಿರಬಹುದೆಂದು 2006ರಲ್ಲೇ ಲೆಕ್ಕ ಹಾಕಿದ್ದರು. ಆದ್ದರಿಂದ ಮೊದಲ ಇಪ್ಪತ್ತು ಸಾಲು ನೋಡಿ. ಎಷ್ಟು ಶೇಕಡಾ ಹೋಲಿಕೆ, ಎಷ್ಟು ಉದ್ದಕ್ಕೆ ಹೋಲಿಕೆ, ಮಾದರಿ ಯಾವ ಹರ್ಬೇರಿಯಂನಲ್ಲಿದೆ (ಒಣ ಮಾದರಿಗಳನ್ನು ಕಾಪಿಡುವ ಜಾಗ), ಯಾವ ಊರಿನದು. ಯುನೈಟ್ ಎಂಬ ಶಿಲೀಂಧ್ರಗಳ ಭಂಡಾರದಲ್ಲಿ ಇನ್ನೊಮ್ಮೆ ಹುಡುಕಿ. ಸಾಕ್ಷಿಗೆ ನಿಮ್ಮ ಬ್ಲೀಚ್ ಹನಿ ಇದ್ದೇ ಇದೆ: ಪಟ್ಟಿ ಟಿಂಕ್ಟೋರಂ ಎನ್ನುತ್ತಿದೆ, ತಿರುಳು ಕೆಂಪಾಗಿರಲಿಲ್ಲ ಎಂದರೆ ಎಲ್ಲೋ ಎಳೆ ತಪ್ಪಿದೆ.

ಎಳೆ ಜೋಡಿಸುವುದು

ಅಪ್ಪನ ಪವರ್‌ಲೂಮ್ ಮುಂದೆ ಬೆಳೆದವಳಿಗೆ ಅಲೈನ್‌ಮೆಂಟ್ ಎಂದರೇನೆಂದು ಯಾರೂ ಕಲಿಸಬೇಕಿರಲಿಲ್ಲ. ಹಾಸಿನ ಸಾವಿರಾರು ಎಳೆಯಲ್ಲಿ ಒಂದು ಎಳೆ ಪಕ್ಕದ ಹಲ್ಲಿಗೆ ಹೋದರೆ ಅಲ್ಲಿಂದ ಮುಂದೆ ಸೀರೆಯುದ್ದಕ್ಕೂ ಗೆರೆ. ಸೀಕ್ವೆನ್ಸುಗಳನ್ನು ಒಂದರ ಕೆಳಗೊಂದು ಇಟ್ಟು, ಒಂದೇ ಪೂರ್ವಜ ಸ್ಥಾನದ ಅಕ್ಷರಗಳು ಒಂದೇ ಕಂಬದಲ್ಲಿ ಬರುವಂತೆ ಜೋಡಿಸಬೇಕು. ಅಕ್ಷರ ಬಿಟ್ಟುಹೋದಲ್ಲಿ ಗೀಟು. ಮಾಫ್ಟ್ ಎಂಬ ಉಚಿತ ತಂತ್ರಾಂಶ ಇದನ್ನು ಮಾಡುತ್ತದೆ, ಆದರೆ ಕೊನೆಗೆ ಕಣ್ಣಿನಿಂದ ನೋಡಲೇಬೇಕು. ಐಟಿಎಸ್‌ನ ನಡುವೆ 5.8ಎಸ್ ಎಂಬ ಭಾಗ ಸೀರೆಯ ಅಂಚಿನಂತೆ ಗಟ್ಟಿ, ಬದಲಾಗುವುದೇ ಇಲ್ಲ ಎನ್ನಬೇಕು. ಅದರ ಎರಡು ಪಕ್ಕದಲ್ಲಿ ಒಡಲು, ಬಣ್ಣ ಬಣ್ಣದ ಬದಲಾವಣೆ. 5.8ಎಸ್ ನೆಟ್ಟಗೆ ಕೂತಿಲ್ಲವಾದರೆ ಯಾವುದೋ ಸೀಕ್ವೆನ್ಸ್ ತಲೆಕೆಳಗಾಗಿದೆ ಅಥವಾ ಕೆಟ್ಟಿದೆ.

ಹೆಳವನ ಚೋಪಡಿ

ಬೈಲಹೊಂಗಲ ಕಡೆಯ ನಮ್ಮ ಅಜ್ಜನ ಮನೆಗೆ ಸುಗ್ಗಿಯ ನಂತರ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕೂತು, ಬಾಗಿಲಲ್ಲಿ ನಿಂತು, ನಮ್ಮ ಮನೆತನದ ಮೂಲ ಪುರುಷ ಯಾರು, ಯಾವ ಊರಿನಿಂದ ಎದ್ದು ಬಂದ, ಅವನ ಮಕ್ಕಳಲ್ಲಿ ಯಾರು ಇಲ್ಲಿ ಉಳಿದರು, ಯಾರು ಬೇರೆ ಊರು ಸೇರಿದರು ಎಂದು ಹಾಡಿದಂತೆ ಹೇಳುತ್ತಿದ್ದ. ವಂಶವೃಕ್ಷದ ಚಿತ್ರ ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಅವನೇ. ಐಕ್ಯೂಟ್ರೀ ಎಂಬ ತಂತ್ರಾಂಶ ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ, ಅಕ್ಷರ ಬದಲಾವಣೆಯ ಮಾದರಿಯನ್ನು ತಾನೇ ಆರಿಸಿಕೊಳ್ಳುತ್ತದೆ, ಮರ ಬಿಡಿಸಿ ಕೊಡುತ್ತದೆ.

ಮರ ಓದುವಾಗ ತುದಿಗಳು ಮೇಲೆ ಕೆಳಗೆ ಯಾವ ಕ್ರಮದಲ್ಲಿವೆ ಎಂಬುದಕ್ಕೆ ಅರ್ಥವಿಲ್ಲ. ಯಾವ ಕವಲಿನಲ್ಲಿ ಇಬ್ಬರೂ ಕೂಡುತ್ತಾರೆ ಎಂಬುದಕ್ಕೆ ಮಾತ್ರ ಅರ್ಥ. ಅಣ್ಣತಮ್ಮಂದಿರ ಹೆಸರನ್ನು ಹೆಳವ ಯಾವ ಕ್ರಮದಲ್ಲಿ ಹೇಳಿದರೂ ಅಪ್ಪ ಒಬ್ಬನೇ. ಕವಲಿನ ಮೇಲಿನ ಅಂಕಿ ಅದರ ಗಟ್ಟಿತನ, ದತ್ತಾಂಶವನ್ನು ಮತ್ತೆ ಮತ್ತೆ ಕಲಸಿ ಮರ ಬಿಡಿಸಿದಾಗ ನೂರರಲ್ಲಿ ಎಷ್ಟು ಸಲ ಆ ಕವಲು ಬಂತೆಂಬ ಲೆಕ್ಕ: ಹಳೆಯ ಬೂಟ್‌ಸ್ಟ್ರ್ಯಾಪ್ ಆದರೆ 70ಕ್ಕೆ ಮೇಲೆ ಒಪ್ಪಬಹುದು, ಐಕ್ಯೂಟ್ರೀಯ ವೇಗದ ಬೂಟ್‌ಸ್ಟ್ರ್ಯಾಪ್ ಆದರೆ 95 ಬೇಕು. ಎರಡನ್ನೂ ಒಂದೇ ಅಳತೆಯಲ್ಲಿ ಅಳೆಯುವವರನ್ನು ವಿಚಾರ ಸಂಕಿರಣಗಳಲ್ಲೂ ನೋಡಿದ್ದೇನೆ.

ಮರಕ್ಕೆ ಬೇರು ಕೊಡಲು ಹೊರಗಿನವರೊಬ್ಬರು ಬೇಕು. ತೀರ ದೂರದವರಾದರೆ ಜೋಡಣೆಯೇ ಕೂಡುವುದಿಲ್ಲ, ತೀರ ಹತ್ತಿರದವರಾದರೆ ಅವರೇ ಒಳಗಿನವರಾಗಿ ಬಿಡುತ್ತಾರೆ. ಪಾರ್ಮೊಟ್ರೆಮಾ ಮಾತ್ರ ಇದ್ದರೆ ಫ್ಲೇವೊಪಾರ್ಮೆಲಿಯಾ ಸಾಕು. ನನ್ನ ಪುಡಿಕೆಯ ಲಾಡಿಯಂಥ ತುಂಡೂ ಪಟ್ಟಿಯಲ್ಲಿದ್ದುದರಿಂದ ಅದೇ ಕುಟುಂಬದ ಇನ್ನೂ ದೂರದ ಉಸ್ನಿಯಾವನ್ನು ಕರೆತಂದೆ.

ಆ ಲಾಡಿಯ ಕಥೆ ಕೇಳಿ. ಹಳೆಯ ಪುಸ್ತಕದಲ್ಲಿ ಅದು ಎವರ್ನಿಯಾಸ್ಟ್ರಂ, ತನ್ನದೇ ಕುಲ. ಸಪೂರ ಪಟ್ಟಿ, ಕಾಲುವೆಯಂತೆ ಬಾಗಿದ ಮೈ, ಉದ್ದ ರೆಪ್ಪೆ. ಯಾರು ನೋಡಿದರೂ ಬೇರೆ ಮನೆಯವನೆನ್ನುವ ಚಹರೆ. 2013ರಲ್ಲಿ ಡಿಎನ್‌ಎ ನೋಡಿದಾಗ ಅದು ಹೈಪೊಟ್ರಾಕೈನಾ ಎಂಬ ಕುಲದ ಒಳಗೇ ಕೂತಿತ್ತು, ಈಗ ಆ ಹೆಸರಿನಲ್ಲೇ ಕರೆಯುತ್ತಾರೆ. ಬಿಳಿ ಬಲೆಯವನದೂ ಹಾಗೆಯೇ: ರಿಮೆಲಿಯಾ ಎಂದು ಬೇರೆ ಕುಲ ಮಾಡಿದ್ದರು, 2005ರಲ್ಲಿ ಮತ್ತೆ ಪಾರ್ಮೊಟ್ರೆಮಾ ಮನೆಗೆ ಸೇರಿಸಿದರು. ಗ್ರಂಥಾಲಯದಲ್ಲಿರುವ, ಜಾತಿ ಗುರುತಿಸುವ ಕೀಲಿ ಪುಸ್ತಕದಲ್ಲಿನ ಹೆಸರು ನಿಮ್ಮ ಬ್ಲಾಸ್ಟ್ ಪಟ್ಟಿಯಲ್ಲಿ ಸಿಗದಿದ್ದರೆ ಹೆದರುವ ಮೊದಲು ಹೊಸ ಹೆಸರು ಹುಡುಕಿ.

ಒಂದು ಜಾತಿ ಎಲ್ಲಿ ಮುಗಿಯುತ್ತದೆ

ಇಲ್ಲಿಗೆ ಬಂದಾಗ ಜಗಳ ಶುರು. ಅಮೆರಿಕದ ಉಷ್ಣವಲಯದಲ್ಲಿ ಕೋರಾ ಎಂಬ ಲೈಕೆನ್ ಇದೆ, ಬೂದು ಬೀಸಣಿಗೆಯಂತೆ. ಬಹುಕಾಲ ಒಂದೇ ಜಾತಿ ಎಂದು ನಂಬಿದ್ದರು. 2014ರಲ್ಲಿ ಐಟಿಎಸ್ ಓದಿದಾಗ 126 ಜಾತಿ ಹೊರಬಂದವು, ಒಟ್ಟು 400ಕ್ಕೂ ಹೆಚ್ಚಿರಬಹುದೆಂಬ ಅಂದಾಜು. ಕಣ್ಣು ಒಂದೆಂದದ್ದನ್ನು ಡಿಎನ್‌ಎ ನೂರೆಂದಿತು.

ಇದರ ತಿರುವೂ ಇದೆ. ಉತ್ತರ ಅಮೆರಿಕದಲ್ಲಿ ಬ್ರಯೋರಿಯಾ ಎಂಬ, ಮರದಿಂದ ಗಡ್ಡದಂತೆ ಜೋತುಬೀಳುವ ಎರಡು ಲೈಕೆನ್. ಕಂದು ಬಣ್ಣದ್ದನ್ನು ಅಲ್ಲಿನ ಮೂಲನಿವಾಸಿಗಳು ತಿನ್ನುತ್ತಿದ್ದರು. ಹಳದಿ ಛಾಯೆಯದ್ದು ವಲ್ಪಿನಿಕ್ ಆಮ್ಲದ ವಿಷ. ಶಿಲೀಂಧ್ರದ ಡಿಎನ್‌ಎ ನೋಡಿದರೆ ಎರಡೂ ಒಂದೇ, ಪಾಚಿಯೂ ಒಂದೇ. 2016ರಲ್ಲಿ ಟೋಬಿ ಸ್ಪ್ರಿಬಿಲ್ಲೆಯ ತಂಡ ಆರ್‌ಎನ್‌ಎ ಓದಿದಾಗ ತೊಗಟೆಯಲ್ಲಿ ಮೂರನೆಯವನೊಬ್ಬ ಸಿಕ್ಕ: ಒಂದು ಯೀಸ್ಟ್, ವಿಷದ ಲೈಕೆನ್ನಿನಲ್ಲಿ ಹೆಚ್ಚು. ಎಲ್ಲ ಲೈಕೆನ್ನಿಗೂ ಮೂವರು ಎಂದು ಸುದ್ದಿ ಹಬ್ಬಿತು. ಆದರೆ 2019ರಲ್ಲಿ 339 ಜಾತಿಗಳನ್ನು ಜಾಲಾಡಿದವರಿಗೆ ಆ ಯೀಸ್ಟು ಎಲ್ಲೆಡೆ ಸಿಗಲಿಲ್ಲ. ನಿಮ್ಮ ಸೀಕ್ವೆನ್ಸಿನಲ್ಲಿ ಅಪರಿಚಿತ ಯೀಸ್ಟು ಬಂದರೆ ಕೊಳೆ ಎಂದು ಎಸೆಯುವ ಮುನ್ನ ಒಮ್ಮೆ ಯೋಚಿಸಿ. ಸಂಶೋಧನೆ ಎಂದು ಕುಣಿಯುವ ಮುನ್ನ ಎರಡು ಸಲ.

ಕೆಲಸದ ಮಟ್ಟಿಗೆ ನನ್ನ ನಿಯಮ: ಐಟಿಎಸ್ ಒಂದನ್ನೇ ನೋಡಿ ಹೊಸ ಜಾತಿ ಘೋಷಿಸುವುದಿಲ್ಲ. ಮೈಟೊಕಾಂಡ್ರಿಯಾದ ರೈಬೊಸೋಮ್ ಸಣ್ಣ ಉಪಘಟಕದ ಜೀನ್, ನ್ಯೂಕ್ಲಿಯಸ್ಸಿನ ರೈಬೊಸೋಮ್ ದೊಡ್ಡ ಉಪಘಟಕದ ಜೀನ್, ಎಂಸಿಎಂ7 ಜೀನ್, ಇವುಗಳಲ್ಲಿ ಎರಡಾದರೂ ಅದೇ ಗುಂಪನ್ನು ತೋರಿಸಬೇಕು. ಒಂದೊಂದು ಜೀನಿಗೂ ಬೇರೆ ಬೇರೆ ಮರ ಬಿಡಿಸಿ ಮೊದಲು ಹೋಲಿಸಿ, ಆಮೇಲೆ ಕೂಡಿಸಿ. ಅಸಾಪ್‌ನಂಥ ತಂತ್ರಾಂಶ ಅಂತರಗಳನ್ನು ಅಳೆದು ಇಲ್ಲಿ ಗಡಿ ಇರಬಹುದೆಂದು ಸೂಚಿಸುತ್ತದೆ. ಸೂಚನೆ ಅದು, ತೀರ್ಪಲ್ಲ.

ಪಾಚಿಯ ಮರ ಬೇರೆ, ಕಾಲದ ಲೆಕ್ಕ ಬೇರೆ

ಮಿಕ್ಕ ಡಿಎನ್‌ಎಯಿಂದ ಪಾಚಿಯ ಪ್ರೈಮರ್ ಹಾಕಿ ಅದರ ಮರವನ್ನೂ ಬಿಡಿಸಬಹುದು. ಪಾರ್ಮೊಟ್ರೆಮಾದೊಳಗೆ ಇರುವುದು ಟ್ರೆಬೂಕ್ಸಿಯಾ. ಎರಡು ಮರ ಅಕ್ಕಪಕ್ಕ ಇಟ್ಟು ಗೆರೆ ಎಳೆದರೆ ಗೆರೆಗಳು ಅಡ್ಡಾದಿಡ್ಡಿ ಹಾಯುತ್ತವೆ. ಹಿಟ್ಟಿನಂಥ ಪುಡಿಯಿಂದ ಹರಡುವ ಲೈಕೆನ್ ತನ್ನ ಪಾಚಿಯನ್ನು ಕಟ್ಟಿಕೊಂಡೇ ಹೊರಡುತ್ತದೆ. ಬೀಜಕದಿಂದ ಹುಟ್ಟಿದ ಶಿಲೀಂಧ್ರ ಹೊಸ ಊರಿನಲ್ಲಿ ಹೊಸ ಸಂಬಂಧ ಹುಡುಕಬೇಕು. ಯಾವುದು ಸಿಗುತ್ತದೋ ಅದು.

ಇಡೀ ಶಿಲೀಂಧ್ರ ಲೋಕದ ಮರದಲ್ಲಿ ನೋಡಿದರೆ ಈ ಸಂಸಾರ ಒಮ್ಮೆ ಹೂಡಿದ್ದಲ್ಲ, ಕನಿಷ್ಠ ಐದು ಸಲ ಬೇರೆ ಬೇರೆಯಾಗಿ ಹೂಡಿದ್ದು ಎಂದು 1995ರಲ್ಲಿ ತೋರಿಸಿದರು. 2001ರಲ್ಲಿ ಇನ್ನೊಂದು ತಂಡ ಆಸ್ಪರ್ಜಿಲ್ಲಸ್, ಪೆನಿಸಿಲಿಯಂಗಳ ಪೂರ್ವಜರು ಲೈಕೆನ್ನುಗಳಾಗಿದ್ದು ಆಮೇಲೆ ಸಂಸಾರ ಬಿಟ್ಟವರು ಎಂದಿತು. ಅದನ್ನು ಪ್ರಶ್ನಿಸಿದವರೂ ಇದ್ದಾರೆ. ನಿಜವಾಗಿದ್ದರೆ, ನನ್ನ ದುಡ್ಡು ತಿಂದ ಆ ಬೂಷ್ಟು ಅದೇ ಮನೆಯ ಹಳೆಯ ಅಳಿಯ.

ಕಾಲ ಹೇಳಬೇಕಾದರೆ ಬೀಸ್ಟ್‌ನಂಥ ತಂತ್ರಾಂಶ ಬೇಕು, ಮತ್ತು ಪಳೆಯುಳಿಕೆ. ಶಿಲೀಂಧ್ರ-ಪಾಚಿ ಲೈಕೆನ್ ಎಂದು ಗುರುತಿಸಿದ ಸುಮಾರು 41.5 ಕೋಟಿ ವರ್ಷ ಹಳೆಯ ಇದ್ದಿಲಿನ ಚೂರುಗಳು ಬ್ರಿಟನ್ನಿನಲ್ಲಿ ಸಿಕ್ಕಿವೆ. 2020ರ ಒಂದು ಕಾಲಗಣನೆಯ ಪ್ರಕಾರ ಇಂದಿನ ಲೈಕೆನ್ ಗುಂಪುಗಳು ನಾಳಸಸ್ಯಗಳಿಗಿಂತ ಹಳೆಯವಲ್ಲ. ಬರಿ ಬಂಡೆಯ ಮೇಲೆ ಮೊದಲು ಬಂದವರು ಲೈಕೆನ್ನುಗಳು ಎಂದು ನಾನೇ ತರಗತಿಯಲ್ಲಿ ಹೇಳುತ್ತಿದ್ದೆ, ಈಗ ಬಾಯಿ ಮುಚ್ಚಿಕೊಂಡಿದ್ದೇನೆ. ಪಳೆಯುಳಿಕೆ ಆರಿಸುವಾಗ ಎಚ್ಚರ: ಅಂಬರಿನಲ್ಲಿ ಸಿಕ್ಕ ಅಲೆಕ್ಟೋರಿಯಾ ಸಕ್ಸಿನಿ ಎಂಬುದನ್ನು ಹಲವು ಕಾಲಗಣನೆಗಳಲ್ಲಿ ಮೊಳೆ ಹೊಡೆಯಲು ಬಳಸಿದ್ದರು. 2015ರಲ್ಲಿ ಮೂಲ ಮಾದರಿಯನ್ನೇ ತೆಗೆದು ನೋಡಿದರೆ ಅದು ಲೈಕೆನ್ನೇ ಅಲ್ಲ, ಬಹುಶಃ ಯಾವುದೋ ಗಿಡದ ಬೇರು.

ಉಳಿದ ಅರ್ಧ ತುಂಡು

ಆ ಬೇರನ್ನು ಮತ್ತೆ ನೋಡಲು ಸಾಧ್ಯವಾದದ್ದು ಯಾರೋ ಜೋಪಾನವಾಗಿ ಇಟ್ಟಿದ್ದಕ್ಕೆ. ಆದ್ದರಿಂದ ಅರೆದ ತುದಿಯ ಮಿಕ್ಕ ಲೈಕೆನ್ನನ್ನು ಎಸೆಯಬೇಡಿ. ದಪ್ಪ ಕಾಗದದ ಲಕೋಟೆಯಲ್ಲಿ ಮಡಚಿ, ಸೀಕ್ವೆನ್ಸಿಗೆ ಕೊಟ್ಟ ಅದೇ ಸಂಖ್ಯೆ ಬರೆದು, ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆ (ಎನ್‌ಬಿಆರ್‌ಐ) ಅಥವಾ ನಮಗೆ ಹತ್ತಿರದ ಪುಣೆಯ ಅಘರ್ಕರ್ ಸಂಶೋಧನಾ ಸಂಸ್ಥೆಯಂಥ ಹರ್ಬೇರಿಯಂಗೆ ಮೊದಲು ಪತ್ರ ಬರೆದು ಕೇಳಿ ಕಳಿಸಿ. ಜೆನ್‌ಬ್ಯಾಂಕಿಗೆ ಸೀಕ್ವೆನ್ಸ್ ಏರಿಸುವಾಗ ಆ ಸಂಖ್ಯೆ, ಊರು, ದಿನಾಂಕ ಬರೆಯಿರಿ. ಹೆಸರಿನ ಬಗ್ಗೆ ಅನುಮಾನವಿದ್ದರೆ ಕುಲದ ಹೆಸರಷ್ಟೇ ಹಾಕಿ ನಿಲ್ಲಿಸಿ.

ನನ್ನ ರವಿವಾರ ಪೇಟೆಯ ಮಾದರಿಗಳನ್ನು ನಾನು ಏರಿಸಲಿಲ್ಲ. ಊರಿನ ಕಾಲಂನಲ್ಲಿ ಬರೆಯಲು ಅಂಗಡಿಯ ವಿಳಾಸ ಬಿಟ್ಟು ಏನೂ ಇರಲಿಲ್ಲ. ಮೂರು ಲಕೋಟೆ ಕಪಾಟಿನಲ್ಲಿವೆ, ಪಕ್ಕದ ಡಬ್ಬಿಯಲ್ಲಿ ಆ ವರ್ಷದ ಖಾರ ಮುಗಿದು ಎಷ್ಟೋ ದಿನವಾಯಿತು.